ಲೂಥರನ್ ಸಭೆಯ ಬಾಳು ಮತ್ತು ಧರ್ಮಪಾಠ



ನಂಗವಳ್ಳಿಯಿಂದ ಧರ್ಮಪುರಿ, ಕೃಷ್ಣಗಿರಿಗಳ ಕಡೆ ಹೋಗಿ ಬಂದವರು ದಾರಿಯಲ್ಲಿ 'ಲೂಥರನ್' ಎಂಬ ಹೆಸರಿನ ಫಲಕವನ್ನು ಕಂಡಿರಬಹುದು. ಕ್ರೈಸ್ತರೆಲ್ಲರೂ ಒಂದೇ ಅಲ್ಲವೇ, ಇವರಾರು ಬೇರೆ ಎಂದು ನಿಮ್ಮಲ್ಲಿ ಕೆಲವರು ತರಗತಿಯಲ್ಲಿ ಕೇಳಿದ್ದುಂಟು. ಆ ಪ್ರಶ್ನೆಗೆ ಇಲ್ಲಿ ಸ್ವಲ್ಪ ವಿವರವಾಗಿ ಉತ್ತರ ಹೇಳುತ್ತೇನೆ. ಯಾವ ಮತ ಮೇಲು, ಯಾವುದು ಕೀಳು ಎಂಬ ಚರ್ಚೆ ನಮಗೆ ಬೇಡ. ಒಂದು ಸಭೆ ತನ್ನ ಮಕ್ಕಳಿಗೆ ನಂಬಿಕೆಯನ್ನು ಹೇಗೆ ಕಲಿಸುತ್ತದೆ, ಆ ಕಲಿಕೆಗೆ ಮನೆಮಾತು ಏಕೆ ಬೇಕಾಯಿತು ಎಂಬುದಷ್ಟೇ ಇಲ್ಲಿಯ ವಿಷಯ. ಕನ್ನಡ ಮೇಷ್ಟರಿಗೆ ಇದರಲ್ಲೇನು ಕೆಲಸ ಎನ್ನುವಿರಾದರೆ, ಮುಂದೆ ಓದಿರಿ.

ಲೂಥರ್ ಎಂಬುದು ಒಬ್ಬ ವ್ಯಕ್ತಿಯ ಹೆಸರು. ಮಾರ್ಟಿನ್ ಲೂಥರ್ ಜರ್ಮನಿಯ ವಿಟನ್‌ಬರ್ಗ್ ಊರಿನ ಸಂನ್ಯಾಸಿ ಮತ್ತು ಅಧ್ಯಾಪಕ. ೧೫೧೭ರಲ್ಲಿ ಆತ ಅಂದಿನ ಧರ್ಮಾಧಿಕಾರಿಗಳ ಕೆಲವು ನಡವಳಿಕೆಗಳನ್ನು ಪ್ರಶ್ನಿಸಿದ. ಅದರಿಂದ ಯೂರೋಪಿನ ಕ್ರೈಸ್ತ ಸಮಾಜ ಒಡೆದು ಹೊಸ ಸಭೆಗಳು ಹುಟ್ಟಿದ ಕಥೆ ನಿಮ್ಮ ಚರಿತ್ರೆಯ ಪುಸ್ತಕದಲ್ಲಿದೆ. ಪುಸ್ತಕ ಅಷ್ಟಾಗಿ ಹೇಳದ ಇನ್ನೊಂದು ಸಂಗತಿ ಇದೆ. ಪಂಡಿತರ ಭಾಷೆಗಳಲ್ಲಿದ್ದ ಬೈಬಲನ್ನು ಜನರ ಜರ್ಮನ್ ಮಾತಿಗೆ ತಂದವನೂ ಈತನೇ. ಹೊಸ ಒಡಂಬಡಿಕೆ ೧೫೨೨ರಲ್ಲಿ ಅಚ್ಚಾಯಿತು, ಇಡೀ ಬೈಬಲು ೧೫೩೪ರಲ್ಲಿ. ಜರ್ಮನಿಗಿಂತ ಬಹು ಮೊದಲೇ, ಹನ್ನೆರಡನೆಯ ಶತಮಾನದಲ್ಲಿ, ನಮ್ಮ ವಚನಕಾರರು ಸಂಸ್ಕೃತವನ್ನು ಬಿಟ್ಟು ಆಡುಮಾತಿನಲ್ಲಿ ಧರ್ಮವನ್ನು ಹೇಳಿದ್ದರು. ಆದುದರಿಂದ ಕನ್ನಡಿಗರಿಗೆ ಈ ವಿಚಾರ ಅಪರಿಚಿತವೇನೂ ಅಲ್ಲ.

ಬೈಬಲು ಜರ್ಮನಿನಲ್ಲಿ ಬಂದ ಮಾತ್ರಕ್ಕೆ ಹಳ್ಳಿಯವರು ಅದನ್ನು ಓದಿಬಿಟ್ಟರೇ? ಇಲ್ಲ. ೧೫೨೮ರ ಸುಮಾರಿಗೆ ಲೂಥರ್ ಸ್ಯಾಕ್ಸನಿ ಪ್ರಾಂತದ ಹಳ್ಳಿಗಳ ಸಭೆಗಳನ್ನು ತಪಾಸಣೆ ಮಾಡಿದ. ಜನರಿಗೆ ತಮ್ಮ ಧರ್ಮದ ಮೊದಲ ಪಾಠಗಳೇ ಗೊತ್ತಿರಲಿಲ್ಲ. ಕಲಿಸಬೇಕಾದ ಪಾದ್ರಿಗಳಲ್ಲಿಯೂ ಹಲವರಿಗೆ ಗೊತ್ತಿರಲಿಲ್ಲ. ಮರುವರ್ಷವೇ, ೧೫೨೯ರಲ್ಲಿ, ಆತ ಒಂದು ಪುಟ್ಟ ಪ್ರಶ್ನೋತ್ತರ ಪುಸ್ತಕವನ್ನು ಹೊರತಂದ. ಅದು ಮೊದಲು ಪುಸ್ತಕವಾಗಿ ಬರಲಿಲ್ಲ. ಗೋಡೆಗೆ ತೂಗುಹಾಕುವ ದೊಡ್ಡ ಹಾಳೆಗಳಾಗಿ ಅಚ್ಚಾಯಿತು. ಇಂದು ನಿಮ್ಮ ತರಗತಿಯ ಗೋಡೆಯಲ್ಲಿ ವರ್ಣಮಾಲೆಯ ಪಟ ಇರುವುದಿಲ್ಲವೇ, ಹಾಗೆ.

ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪನಿವೇದನೆ, ಕರ್ತನ ಭೋಜನ – ಇವು ಅದರ ಮುಖ್ಯ ಭಾಗಗಳು. ಬೆಳಿಗ್ಗೆ ಎದ್ದಾಗ, ಊಟಕ್ಕೆ ಕುಳಿತಾಗ, ಮಲಗುವಾಗ ಮಾಡತಕ್ಕ ಪ್ರಾರ್ಥನೆಗಳೂ ಇವೆ. ಇವನ್ನು ಕಲಿಸುವ ಹೊಣೆಯನ್ನು ಲೂಥರ್ ಪಾದ್ರಿಗೆ ಮಾತ್ರ ಬಿಡಲಿಲ್ಲ, ಮನೆಯ ಯಜಮಾನನ ಮೇಲೆಯೂ ಹೊರಿಸಿದ. ಮಕ್ಕಳಿಗೆ, ಮನೆಯ ಆಳುಗಳಿಗೆ ಆತನೇ ಕೇಳಬೇಕು, ಅವರು ಹೇಳಬೇಕು. ಉಪಾಧ್ಯಾಯನಾದ ನನಗೆ ಇಷ್ಟವಾಗುವುದು ಅದರ ಕ್ರಮ. ಮೊದಲು ಮೂಲದ ಒಂದು ವಾಕ್ಯ. ಅದನ್ನು ಬಾಯಿಪಾಠ ಮಾಡಬೇಕು. ಕೂಡಲೇ ಅದರ ಅರ್ಥವನ್ನು ಕೇಳುವ ಒಂದು ಪ್ರಶ್ನೆ. ಅದಕ್ಕೊಂದು ಸರಳ ಉತ್ತರ. ಉದಾಹರಣೆಗೆ, ಕದಿಯಬಾರದು ಎಂಬ ಆಜ್ಞೆಯನ್ನು ತೆಗೆದುಕೊಳ್ಳಿ. ಪರರ ದುಡ್ಡಿಗೆ ಕೈಹಾಕದಿದ್ದರೆ ಆಯಿತೆಂದು ಮಗು ತಿಳಿಯಬಹುದು. ಉತ್ತರ ಅಲ್ಲಿಗೆ ನಿಲ್ಲುವುದಿಲ್ಲ. ಕೆಟ್ಟ ಸರಕನ್ನು ಒಳ್ಳೆಯದೆಂದು ಮಾರುವುದೂ ಕಳವೇ. ಅಷ್ಟೇ ಅಲ್ಲ, ನೆರೆಯವನ ಬದುಕು ಏಳಿಗೆಯಾಗಲು ನೆರವಾಗುವುದೂ ಆ ಆಜ್ಞೆಯೊಳಗೆ ಸೇರಿದೆ ಎಂದು ಅದು ವಿಸ್ತರಿಸುತ್ತದೆ.

ನಮ್ಮ ಹಳೆಯ ಕೂಲಿಮಠಗಳಲ್ಲಿಯೂ ಮಗ್ಗಿ, ಅಮರಕೋಶ ಎಲ್ಲವೂ ಬಾಯಿಪಾಠವೇ. ಅರ್ಥದ ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪ್ರಶ್ನೋತ್ತರದಲ್ಲಿ ಅರ್ಥವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ಕಲಿಸುವವರು ಸೋಮಾರಿಗಳಾದರೆ ಆ ಉತ್ತರವೂ ಗಿಳಿಪಾಠವೇ ಆಗುತ್ತದೆ ಎಂಬುದನ್ನೂ ಹೇಳಬೇಕು; ಇದು ಎಲ್ಲ ಶಾಲೆಗಳಿಗೂ ಸಲ್ಲುವ ಮಾತು.

ಈ ಪಾಠದ ಸುತ್ತಲೇ ಸಭೆಯ ಬಾಳು ಹೆಣೆದುಕೊಂಡಿದೆ. ಶಿಶುವಿಗೆ ದೀಕ್ಷಾಸ್ನಾನವಾದಾಗ ಅದರ ಪರವಾಗಿ ಹಿರಿಯರು ಮಾತು ಕೊಡುತ್ತಾರೆ. ಮಗು ಬೆಳೆದಂತೆ ಭಾನುವಾರ ಶಾಲೆಗೆ ಹೋಗುತ್ತದೆ. ಹದಿಮೂರು ಹದಿನಾಲ್ಕರ ವಯಸ್ಸಿಗೆ, ಎಂದರೆ ನಿಮ್ಮ ವಯಸ್ಸಿಗೆ, ಸಭಾಪಾಲಕರ ಬಳಿ ಕೆಲವು ತಿಂಗಳು ಪಾಠ ಕೇಳಿ, ಸಭೆಯ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. ಇದೇ ದೃಢೀಕರಣ. ಅಂದು ಬೇರೆಯವರು ಕೊಟ್ಟಿದ್ದ ಮಾತನ್ನು ಇಂದು ತಾನೇ ತನ್ನದೆಂದು ಒಪ್ಪುವುದು ಎಂದು ಇದರ ಅರ್ಥ. ಆ ಬಳಿಕವೇ ಕರ್ತನ ಭೋಜನದಲ್ಲಿ ಪಾಲು ಎಂಬುದು ಹಳೆಯ ರೂಢಿ. ನೂರಾರು ಜನರೆದುರು ನಿಂತು ಬಾಯಿ ಬಿಡುವುದು ಪಬ್ಲಿಕ್ ಪರೀಕ್ಷೆಗಿಂತ ಕಷ್ಟ ಎಂದು ನನಗನಿಸುತ್ತದೆ!

ಸಭೆಯ ಲೆಕ್ಕಪತ್ರ, ಜಗಳ, ಬಡವರ ಸಹಾಯ ಇವನ್ನೆಲ್ಲ ನೋಡಿಕೊಳ್ಳಲು ಪಾದ್ರಿಯ ಜೊತೆಗೆ ಸಭೆಯ ಹಿರಿಯರಿದ್ದಾರೆ. ದಕ್ಷಿಣ ಭಾರತದ ಅನೇಕ ಸಭೆಗಳಲ್ಲಿ ಹಿಡಿ ಅಕ್ಕಿಯ ಪದ್ಧತಿ ಇತ್ತು. ಅಡಿಗೆಗೆ ಅಕ್ಕಿ ಅಳೆಯುವಾಗ ತಾಯಿ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುತ್ತಾಳೆ. ವಾರದ ಕೊನೆಗೆ ಅದು ಸಭೆಗೆ ಸಲ್ಲುತ್ತದೆ. ಬೆಳೆ ಹಬ್ಬದಂದು ತೆಂಗಿನಕಾಯಿ, ಕುಂಬಳಕಾಯಿ, ಕೋಳಿ ಎಲ್ಲವೂ ದೇವಾಲಯಕ್ಕೆ ಬಂದು, ಆರಾಧನೆಯಾದ ಮೇಲೆ ಹರಾಜಾಗುತ್ತವೆ. ಒಂದು ಕಾಯಿ ಹತ್ತು ಪಟ್ಟು ಬೆಲೆಗೆ ಹೋದರೂ ಯಾರೂ ಗೊಣಗುವುದಿಲ್ಲ.

ಇನ್ನು ಇದು ಕನ್ನಡಕ್ಕೆ ಬಂದ ಬಗೆಯನ್ನು ನೋಡೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಬಾಸೆಲ್ ಮಿಷನ್ ಸ್ಥಾಪನೆಯಾಯಿತು. ೧೮೩೩ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ ಅಕ್ಟೋಬರ್ ೩೦ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಈ ಮಿಷನ್ ಅಚ್ಚ ಲೂಥರನ್ ಎನ್ನುವಂತಿಲ್ಲ. ಲೂಥರನ್ನರೂ ಸ್ವಿಸ್ ದೇಶದ ಸುಧಾರಿತ ಪಂಥದವರೂ ಇದರಲ್ಲಿ ಕೂಡಿದ್ದರು. ಆದರೆ ಬಂದವರಲ್ಲಿ ಅನೇಕರು ಲೂಥರನ್ ನಾಡಾದ ವುರ್ಟೆಂಬರ್ಗಿನವರು. ಮನೆಯಲ್ಲಿ ಪ್ರಶ್ನೋತ್ತರ ಕಲಿತು ಬೆಳೆದವರು. ಜನರ ಮಾತಿನಲ್ಲಿಯೇ ಕಲಿಸಬೇಕೆಂಬ ಹಟ ಅವರ ಜೊತೆಗೆ ಹಡಗು ಹತ್ತಿ ಬಂತು. ಕಲಿಸಲು ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು, ಅಚ್ಚಿಗೆ ಶುದ್ಧ ಭಾಷೆ ಬೇಕು, ಭಾಷೆಗೆ ವ್ಯಾಕರಣ ಮತ್ತು ನಿಘಂಟು ಬೇಕು. ೧೮೪೧ರಲ್ಲಿ ಮಂಗಳೂರಿನ ಅಚ್ಚುಕೂಟ, ೧೮೪೩ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ', ೧೮೯೪ರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕಿಟ್ಟೆಲ್ ನಿಘಂಟು ಇವೆಲ್ಲ ಆ ಸರಪಳಿಯ ಕೊಂಡಿಗಳು. ಕನ್ನಡದ ಮೊದಲ ವೃತ್ತಪತ್ರಿಕೆಯ ಬೇರು ಭಾನುವಾರದ ಪಾಠದಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ಹಾಡಿನ ವಿಚಾರ ಇನ್ನೂ ಸ್ವಾರಸ್ಯಕರ. ಸಭೆಯವರೆಲ್ಲ ಒಟ್ಟಾಗಿ ಹಾಡಬೇಕೆಂಬುದು ಲೂಥರನ ಪದ್ಧತಿ; ಆತನ ಮೊದಲ ಹಾಡುಪುಸ್ತಕಗಳು ೧೫೨೪ರಷ್ಟು ಹಿಂದಿನವು. ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂಡಿಸಹೊರಟಾಗ ತೊಡಕು ಬಂತು. ಆ ಭಾಷೆಯಲ್ಲಿ ಪದ್ಯದ ನಡೆ ನಿಲ್ಲುವುದು ಒತ್ತಿನ ಮೇಲೆ. ಕನ್ನಡದಲ್ಲಿ ಲಘು ಗುರುಗಳ ಮೇಲೆ. ರಾಗ ಎಳೆಯುವ ಕಡೆ ಲಘು ಬಿದ್ದರೆ 'ಬಿಡು' ಎಂಬುದು 'ಬೀಡು' ಆಗಿ, ಅರ್ಥವೇ ಕೆಡುತ್ತದೆ. ಛಂದಸ್ಸಿನ ಪಾಠ ಏಕೆ ಸಾರ್ ಎಂದು ಕೇಳುವವರು ಇದನ್ನು ಗಮನಿಸಿರಿ. ಕಿಟ್ಟೆಲರು ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಕನ್ನಡ ಪದ್ಯಕೃತಿಯಾಗಿ ರಚಿಸಿದರು. ೧೮೭೫ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದರು. ಈ ಎರಡು ಕೆಲಸಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ನನಗೆ ತೋರುವುದಿಲ್ಲ. ಕನ್ನಡದ ಸಭೆಗಳು ಪರದೇಶದ ರಾಗಗಳ ಜೊತೆಗೆ ನಮ್ಮ ಕೀರ್ತನೆಯ ಧಾಟಿಯ ಹಾಡುಗಳನ್ನೂ ಹಾಡುತ್ತವೆ.

ಇದೆಲ್ಲ ಸುಖದ ಕಥೆ ಮಾತ್ರವಲ್ಲ. ಸಭೆಗೆ ಸೇರಿದವರು ಎಷ್ಟೋ ವೇಳೆ ಮನೆ, ನಂಟು, ಕಸುಬು ಎಲ್ಲವನ್ನೂ ಕಳೆದುಕೊಂಡರು. ಅವರಿಗಾಗಿ ಮಿಷನ್ ನೇಯ್ಗೆಯ ಕಾರ್ಖಾನೆ ತೆರೆಯಿತು. ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯೂ ಆಯಿತು. ಹೊಟ್ಟೆಗೆ ದಾರಿಯಾಯಿತು, ನಿಜ. ಆದರೆ ಕೂಲಿ ಕೊಡುವವನೂ ಧರ್ಮ ಹೇಳುವವನೂ ಒಬ್ಬನೇ ಆದಾಗ, ಭಾನುವಾರದ ಪ್ರಶ್ನೆಗೆ ಮನಬಿಚ್ಚಿ ಉತ್ತರ ಹೇಳುವುದು ಸುಲಭವಲ್ಲ. ಜಾತಿಯ ವಿಷಯದಲ್ಲಿ ಬಾಸೆಲಿನವರು ಕಟ್ಟುನಿಟ್ಟಾಗಿದ್ದರು. ತಮಿಳು ಸೀಮೆಯಲ್ಲಿದ್ದ ಲೈಪ್‌ಜಿಗ್ ಲೂಥರನ್ ಮಿಷನ್ ಸಡಿಲವಾಗಿತ್ತು. ಒಂದೇ ಪ್ರಶ್ನೋತ್ತರವನ್ನು ಓದಿಯೂ ಹೀಗಾಯಿತೆಂಬುದು ಯೋಚಿಸತಕ್ಕ ಮಾತು. ಕನ್ನಡದ ಬಾಸೆಲ್ ಸಭೆಗಳು ೧೯೪೭ರ ನಂತರ ಕ್ರಮೇಣ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು.

ಹಾಗಾದರೆ ಕೃಷ್ಣಗಿರಿಯ ಫಲಕ ಯಾರದು? ಅದರ ಮೂಲ ಬೇರೆ. ಡೇನಿಷ್ ದೊರೆ ಕಳುಹಿಸಿದ ಲೂಥರನ್ ಪಾದ್ರಿ ಸೀಗನ್‌ಬಾಲ್ಗ್ ೧೭೦೬ರಲ್ಲಿ ತರಂಗಂಬಾಡಿಗೆ ಬಂದು, ತಮಿಳು ಕಲಿತು, ಅದರಲ್ಲಿಯೇ ಪ್ರಶ್ನೋತ್ತರವನ್ನೂ ಹೊಸ ಒಡಂಬಡಿಕೆಯನ್ನೂ ಅಚ್ಚು ಹಾಕಿಸಿದ. ಹೀಗೆ ಕನ್ನಡಕ್ಕಿಂತ ನೂರು ವರ್ಷಕ್ಕೂ ಮೊದಲೇ ತಮಿಳಿನಲ್ಲಿ ಈ ಪಾಠ ಸಿದ್ಧವಾಗಿತ್ತು. ೧೮೯೫ರಲ್ಲಿ ಅಮೆರಿಕದ ಮಿಸ್ಸೌರಿ ಲೂಥರನ್ನರ ಪರವಾಗಿ ನೇಥರ್ ಎಂಬುವರು ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದ ಕೃಷ್ಣಗಿರಿಯಲ್ಲಿ ಕೆಲಸ ತೊಡಗಿದರು. ೧೯೦೪ರಲ್ಲಿ ಪ್ಲೇಗಿನಿಂದ ಅವರು ಅಲ್ಲಿಯೇ ತೀರಿಕೊಂಡರು. ಆ ಮಿಷನ್ನಿನಿಂದ ಬೆಳೆದ ಸಭೆ ೧೯೫೮ರಲ್ಲಿ ಭಾರತ ಸುವಾರ್ತಾ ಲೂಥರನ್ ಸಭೆ ಎಂದು ಸ್ವತಂತ್ರವಾಯಿತು. ನಮ್ಮ ಸೀಮೆಯಲ್ಲಿ ಅದರ ಪಾಠದ ಭಾಷೆ ತಮಿಳು.

ನಮ್ಮ ಗಡಿಯ ಪ್ರಶ್ನೆ ಏಳುವುದು ಇಲ್ಲಿಯೇ. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವ ಮಗು ಅಂತಹ ಸಭೆಯಲ್ಲಿ ತಮಿಳಿನಲ್ಲಿ ಬಾಯಿಪಾಠ ಮಾಡುತ್ತದೆ. ಮನೆಯವರೇ ಕೇಳಿ ಕಲಿಸಬೇಕೆಂಬ ಲೂಥರನ ನಿಯಮ ಆಗ ಏನಾಗಬೇಕು? ತಮಿಳು ಓದಬಾರದ ಅಜ್ಜಿ ಮೊಮ್ಮಗನಿಗೆ ಅರ್ಥ ಹೇಗೆ ಕೇಳಿಯಾಳು? ಕನ್ನಡದ ಶಾಲೆಗೆ ಮಕ್ಕಳನ್ನು ಕಳುಹಿಸುವ ಪೋಷಕರಿಗೆ ಈ ಕಷ್ಟ ಹೊಸದಲ್ಲ. ಭಾಷೆ ಬದಲಾದರೆ ಶಬ್ದದೊಂದಿಗೆ ಭಾವವೂ ಸ್ವಲ್ಪ ಬದಲಾಗುತ್ತದೆ. ಮಗುವಿನ ತಲೆಯ ಮೇಲೆ ಹಾಕುವ ನೀರು ಅದೇ. ತಮಿಳಿನ ಸಭೆ ಅದನ್ನು 'ಞಾನಸ್ನಾನಂ' ಎನ್ನುತ್ತದೆ, ಅರಿವಿನ ಸ್ನಾನ. ಮಂಗಳೂರಿನ ಕಡೆಯವರು 'ದೀಕ್ಷಾಸ್ನಾನ' ಎನ್ನುತ್ತಾರೆ. 'ದೀಕ್ಷೆ' ಜೈನರೂ ವೀರಶೈವರೂ ಬಹುಕಾಲದಿಂದ ಬಳಸಿದ ಮಾತು. ಅದನ್ನು ಕೇಳಿದೊಡನೆ ಕನ್ನಡದ ಕಿವಿಗೆ ವ್ರತವೂ ಗುರುವೂ ನೆನಪಾಗುತ್ತವೆ. ಹೊಸೂರಿನ ಆಸುಪಾಸಿನಲ್ಲಿ ಎರಡು ಭಾಷೆಯ ನಂಟರೂ ಇರುವ ಮನೆಯಲ್ಲಿ ಒಂದೇ ಮಗುವಿನ ಹಬ್ಬಕ್ಕೆ ಈ ಎರಡು ಹೆಸರುಗಳೂ ಕೇಳಿಬರಬಹುದು.