ಮೂಳೆ ಓದುವ ಎಂಜಿನಿಯರುಗಳು

ಕಂದಾಯ ಇಲಾಖೆಯ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ್ದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯದ ಪಟ್ಟಿಯಲ್ಲಿ ಮಧುಗಿರಿ ಎಷ್ಟು ಮೇಲೇರಿತು, ಎಷ್ಟು ಕೆಳಗಿಳಿಯಿತು ಎಂದು ಹುಡುಕುವುದು ಇಲ್ಲಿನ ಮೇಷ್ಟ್ರುಗಳಿಗೆ ವರ್ಷಾವರ್ಷದ ರೂಢಿ. ಅದೇ ಮಕ್ಕಳು ಪಿಯುಸಿ, ಬಿ.ಇ. ದಾಟಿದ ಮೇಲೆ ಅವರ ಸುದ್ದಿ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ‘ಹೆಂಗೋ ಬೆಂಗಳೂರಲ್ಲಿ ಒಂದು ಕೆಲಸ ಸಿಕ್ಕರೆ ಸಾಕು’ ಎಂಬಲ್ಲಿಗೆ ಮನೆಯ ಮಾತು ಮುಗಿದಿರುತ್ತದೆ. ಬಯೋಮೆಡಿಕಲ್ ಎಂಜಿನಿಯರಿಂಗ್ ಆ ಮಾತಿನ ಆಚೆಗಿರುವ ಓದು. ಅದನ್ನು ಈ ನಾಲ್ಕು ತಾಲ್ಲೂಕಿನವರಿಗೆ ಪರಿಚಯಿಸಲು ಕಾರಣ ಇಲ್ಲಿನ ನೀರಿನಲ್ಲೇ ಇದೆ.

ಈ ಸೀಮೆಯ ನೆಲದಡಿ ಇರುವುದು ಗಟ್ಟಿ ಕಲ್ಲು. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ, ಜೊತೆಗೆ ಫ್ಲೋರೈಡೂ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಪಾವಗಡ, ಶಿರಾ, ಮಧುಗಿರಿ ಕಡೆಯ ಎಷ್ಟೋ ಊರುಗಳ ಬೋರಿನ ನೀರು ಈ ಮಿತಿ ದಾಟಿದೆ. ಮಕ್ಕಳ ಹಲ್ಲಿನ ಕಂದು ಪಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂಳೆಯೊಳಗೆ ಆಗುವುದು ಕಾಣುವುದಿಲ್ಲ.

ಮೂಳೆಯ ಗಟ್ಟಿತನಕ್ಕೆ ಕಾರಣ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜದ ಹರಳು. ಫ್ಲೋರೈಡ್ ಬಂದು ಆ ಹರಳಿನೊಳಗಿನ ಹೈಡ್ರಾಕ್ಸೈಡಿನ ಜಾಗ ಹಿಡಿಯುತ್ತದೆ. ಇಂಥ ಮೂಳೆ ಎಕ್ಸ್‌ರೇಯಲ್ಲಿ ಮಾಮೂಲಿಗಿಂತ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ನೋಡಿದವರು ಒಳ್ಳೇ ಗಟ್ಟಿ ಮೂಳೆ ಅನ್ನಬೇಕು, ಹಾಗಿರುತ್ತದೆ. ಆದರೆ ದಟ್ಟವಾದ ಮಾತ್ರಕ್ಕೆ ಅದು ಬಲವಾಗಿರುವುದಿಲ್ಲ, ಪೆಡಸಾಗಿರುತ್ತದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆಗಳ ನಡುವೆ ತೆಳುವಾದ ಪೊರೆ ಇದೆಯಲ್ಲ, ಅದರಲ್ಲಿ ಸುಣ್ಣ ಕಟ್ಟಿದೆಯೇ ಎಂದು ವೈದ್ಯರು ನೋಡುತ್ತಾರೆ. ಕಟ್ಟಿದ್ದರೆ ಅದು ಫ್ಲೋರೋಸಿಸ್‌ನ ದೊಡ್ಡ ಗುರುತು. ಅಷ್ಟು ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದುವರಿದಿರುತ್ತದೆ.

ದಟ್ಟವಾದ ಮೂಳೆ ಪೆಡಸಾಗುವುದೇಕೆ? ಎಷ್ಟು ಭಾರಕ್ಕೆ, ಯಾವ ದಿಕ್ಕಿನ ಒತ್ತಡಕ್ಕೆ ಮುರಿಯುತ್ತದೆ? ಪೊರೆಯಲ್ಲಿ ಸುಣ್ಣ ಕಟ್ಟುವ ಮೊದಲೇ, ತಾಲ್ಲೂಕು ಆಸ್ಪತ್ರೆಯಲ್ಲೇ ಇದನ್ನು ಪತ್ತೆ ಮಾಡುವ ಅಗ್ಗದ ಸಾಧನ ಮಾಡಬಹುದೇ? ಮೊದಲನೆಯದಕ್ಕೆ ರಸಾಯನಶಾಸ್ತ್ರ ಬೇಕು, ಎರಡನೆಯದಕ್ಕೆ ಮೆಕ್ಯಾನಿಕಲ್, ಮೂರನೆಯದಕ್ಕೆ ಎಲೆಕ್ಟ್ರಾನಿಕ್ಸ್. ಮೂರಕ್ಕೂ ರೋಗಿಯನ್ನು ಬಲ್ಲ ವೈದ್ಯರು ಬೇಕು. ಇಷ್ಟೂ ಒಂದೇ ಮೇಜಿನ ಮೇಲೆ ಬಂದರೆ ಅದೇ ಬಯೋಮೆಡಿಕಲ್ ಎಂಜಿನಿಯರಿಂಗ್. ಆಸ್ಪತ್ರೆಯ ಮಿಷನ್ ರಿಪೇರಿ ಅದರ ಒಂದು ಅಂಚು ಮಾತ್ರ. ಆ ಅಂಚೂ ಸಣ್ಣದೇನಲ್ಲ. ಕೆಟ್ಟು ಮೂಲೆ ಸೇರಿದ ಉಪಕರಣಗಳನ್ನು ನಡೆಸಲೆಂದೇ 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಪ್ರತ್ಯೇಕ ಕಾರ್ಯಕ್ರಮ ಶುರುವಾಯಿತು.

ಈ ಓದಿಗೆ ನಮಗೆ ಹತ್ತಿರದ ಸರ್ಕಾರಿ ಸಂಸ್ಥೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. 1909ರಲ್ಲಿ ಸ್ಥಾಪನೆಯಾದ ಸಂಸ್ಥೆ, ಅದಕ್ಕೆ ಜಾಗ ಕೊಟ್ಟಿದ್ದು ಮೈಸೂರು ಅರಸರು. ಪಾವಗಡದ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಅದರ ಇನ್ನೊಂದು ಆವರಣವಿದ್ದು, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. 2015ರಲ್ಲಿ ಸಂಸ್ಥೆ ಜೀವವಿಜ್ಞಾನ ಮತ್ತು ಎಂಜಿನಿಯರಿಂಗನ್ನು ಬೆಸೆಯುವ ಕೇಂದ್ರವೊಂದನ್ನು ತೆರೆಯಿತು. ಈಗ ಅದು ಬಯೋಎಂಜಿನಿಯರಿಂಗ್ ವಿಭಾಗ. ಎಂ.ಟೆಕ್. ಇದೆ, ಪಿಎಚ್.ಡಿ. ಇದೆ. ಎಂಜಿನಿಯರಿಂಗ್‌ನಿಂದ ಬಂದವರು ಜೀವಕೋಶದ ಪಾಠಕ್ಕೆ ಕೂರಬೇಕು, ಜೀವವಿಜ್ಞಾನದವರು ಗಣಿತಕ್ಕೆ ಕೂರಬೇಕು. ಸಂಶೋಧನೆಗೆ ಎರಡೂ ಕಡೆಯ ಮಾರ್ಗದರ್ಶಕರು. ಇಬ್ಬರು ಗೈಡುಗಳನ್ನು ಒಟ್ಟಿಗೆ ಒಪ್ಪಿಸುವುದು ಎಷ್ಟು ಕಷ್ಟವೆಂದು ಪಿಎಚ್.ಡಿ. ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಈ ಸಂಸ್ಥೆಯಲ್ಲಿ ಹುಟ್ಟಿದ ಒಂದು ಸಾಧನವನ್ನು ನೋಡಿ. ಸಕ್ಕರೆ ಕಾಯಿಲೆಯವರಿಗೆ ಬೆರಳು ಚುಚ್ಚಿ ನೋಡಿದ ಸಕ್ಕರೆ ಆ ಹೊತ್ತಿನದು. ಎರಡು ಮೂರು ತಿಂಗಳ ಸರಾಸರಿ ತಿಳಿಯಲು ಎಚ್‌ಬಿಎ1ಸಿ ಮಾಡಿಸಬೇಕು, ಅದಕ್ಕೆ ದೊಡ್ಡ ಲ್ಯಾಬೇ ಬೇಕಿತ್ತು. ಮೈಸೂರಿನ ಎಸ್‌ಜೆಸಿಇಯಲ್ಲಿ ಬಿ.ಇ. ಓದಿದ ನವಕಾಂತ ಭಟ್ ಇದೇ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದ ಪ್ರಾಧ್ಯಾಪಕರು. ಅವರೂ ವಿನಯ್ ಕುಮಾರ್ ಅವರೂ ಸೇರಿ ಸಂಸ್ಥೆಯೊಳಗಿಂದಲೇ ಪಾಥ್‌ಶೋಧ್ ಎಂಬ ಕಂಪನಿ ಕಟ್ಟಿದರು. ಅವರು ಮಾಡಿದ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನ ಪರೀಕ್ಷಾ ಪಟ್ಟಿಯ ಮೇಲಿನ ರಕ್ತದ ಹನಿಯಿಂದ ಸಕ್ಕರೆ, ಎಚ್‌ಬಿಎ1ಸಿ, ಹಿಮೋಗ್ಲೋಬಿನ್‌ಗಳನ್ನು ಅಳೆಯುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯೇ ಎಂಬುದನ್ನೂ ಹೇಳುತ್ತದೆ. ಭಟ್ ಅವರ ಮೂಲ ವಿಷಯ ಎಲೆಕ್ಟ್ರಾನಿಕ್ಸ್ ಎನ್ನುವುದನ್ನು ಇಲ್ಲಿ ಗಮನಿಸಬೇಕು.

ಈ ಕೆಲಸಕ್ಕೆ ತಾಳ್ಮೆ ಎಷ್ಟು ಬೇಕು ಎಂಬುದಕ್ಕೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಕೃತಕ ಹೃದಯ ಕವಾಟದ ಕಥೆ ಸಾಕು. ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ (ಮುಂದೆ ಮಣಿಪಾಲದ ಕುಲಪತಿಯಾದವರು) ಮತ್ತು ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಅವರ ತಂಡ ಮಾಡಿದ ಮೊದಲ ಮೂರು ಮಾದರಿಗಳೂ ಕೈಕೊಟ್ಟವು. ಒಂದರಲ್ಲಿ ಬೆಸುಗೆಯ ಹತ್ತಿರ ಲೋಹ ಬಿರುಕು ಬಿಟ್ಟಿತು. ಇನ್ನೊಂದರಲ್ಲಿ ಲೋಹ ಸವೆಯಿತು. ಮೂರನೆಯದರಲ್ಲಿ ಕೃತಕ ನೀಲಮಣಿಯಿಂದ ಮಾಡಿದ ಬಿಲ್ಲೆ ಕುರಿಯ ಎದೆಯೊಳಗೇ ಒಡೆದು ಕುರಿ ಸತ್ತಿತು. ಹೃದಯ ವರ್ಷಕ್ಕೆ 3.5 ಕೋಟಿಗೂ ಹೆಚ್ಚು ಸಲ ಬಡಿಯುತ್ತದೆ, ಅಷ್ಟೂ ಸಲ ಕವಾಟ ತೆರೆದು ಮುಚ್ಚಬೇಕು. ಕೊನೆಗೆ ಗೆದ್ದದ್ದು ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಅದರೊಳಗೆ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಕೂರಿಸಿದರು. ಈವರೆಗೆ 1 ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಅದು ಬಡಿದಿದೆ. ನೀಲಮಣಿ ಸೋತು ಪ್ಲಾಸ್ಟಿಕ್ ಗೆದ್ದಿತೆಂದರೆ ನಮ್ಮ ಆಭರಣದ ಅಂಗಡಿಯವರು ಒಪ್ಪಲಿಕ್ಕಿಲ್ಲ.

ಇನ್ನು ದುಡ್ಡಿನ ಮಾತು, ತಂದೆತಾಯಿ ಮೊದಲು ಕೇಳುವುದು ಇದನ್ನೇ. ಎಂ.ಟೆಕ್.ಗೆ ಗೇಟ್ ಪರೀಕ್ಷೆಯ ಅಂಕದ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಪಿಎಚ್.ಡಿ.ಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಶ್ರೀಮಂತರಾಗುವ ದಾರಿಯಂತೂ ಇದಲ್ಲ. ಆದರೆ ಹೊಲ ಅಡವಿಟ್ಟು ಓದಿಸಬೇಕಾದ ಓದೂ ಅಲ್ಲ. ಖಾಸಗಿ ಕಾಲೇಜಿನ ಬಿ.ಇ. ಸೀಟಿಗೆ ಸುರಿಯುವ ಹಣವನ್ನು ನೆನೆದರೆ ಸರ್ಕಾರಿ ಸಂಸ್ಥೆಯ ಮೇಲ್ಮಟ್ಟದ ಓದೇ ಅಗ್ಗ. ಇದು ನಮ್ಮ ಕಡೆ ಇನ್ನೂ ಹೆಚ್ಚು ಜನರಿಗೆ ಗೊತ್ತಿಲ್ಲ.

ಕೆಲಸದ ವಿಷಯದಲ್ಲಿ ಉಪ್ಪುಖಾರ ಹಚ್ಚಿ ಹೇಳುವುದು ಬೇಡ. ಜಿಇ, ಫಿಲಿಪ್ಸ್, ಸೀಮೆನ್ಸ್‌ನಂಥ ಕಂಪನಿಗಳ ವೈದ್ಯಕೀಯ ವಿಭಾಗಗಳು ಬೆಂಗಳೂರಿನಲ್ಲೇ ಇವೆ, ಸಣ್ಣ ಸ್ಟಾರ್ಟಪ್‌ಗಳೂ ಇವೆ. ಆದರೂ ಸಾಫ್ಟ್‌ವೇರಿನಷ್ಟು ಹುದ್ದೆಗಳಿಲ್ಲ. ನಮ್ಮ ಆಸ್ಪತ್ರೆಗಳ ಉಪಕರಣಗಳಲ್ಲಿ ಬಹುಪಾಲು ಇವತ್ತಿಗೂ ಹೊರದೇಶದಿಂದ ಬರುತ್ತವೆ. ಅಲ್ಲಿ ರೂಪಿಸಿದ ಯಂತ್ರಕ್ಕೆ ಪಾವಗಡದ ಏಪ್ರಿಲ್ ಬಿಸಿಲು, ಧೂಳು, ಹೋಗಿಬರುವ ಕರೆಂಟು ಗೊತ್ತಿರುವುದಿಲ್ಲ. ತಿರುಮಣಿಯ ಸುತ್ತ 2,000 ಮೆಗಾವಾಟ್‌ಗೂ ಮಿಕ್ಕಿದ ಸೋಲಾರ್ ಪಾರ್ಕ್ ಇರುವ ತಾಲ್ಲೂಕು ಎಂಬುದು ಅದಕ್ಕೆ ಸಮಾಧಾನವೇನಲ್ಲ. ಯಾವ ಯಂತ್ರ ಇಲ್ಲಿ ಬಾಳುತ್ತದೆ, ಯಾವುದು ಆರು ತಿಂಗಳಿಗೆ ಮಲಗುತ್ತದೆ ಎಂದು ಈ ಊರುಗಳಲ್ಲಿ ಬೆಳೆದವರು ಬೇಗ ಹೇಳಬಲ್ಲರು. ಪ್ರಯೋಗಾಲಯದಲ್ಲಿ ಈ ತಿಳಿವಳಿಕೆಗೆ ಬೆಲೆಯಿದೆ.

ಸೇರುವುದು ಹೇಗೆ? ವಿಟಿಯು ಅಡಿಯ ಕೆಲವು ಕಾಲೇಜುಗಳಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಬಿ.ಇ. ಇದೆ, ಆದರೆ ಅದನ್ನೇ ಓದಿರಬೇಕೆಂದಿಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಕೆಮಿಕಲ್ ಓದಿದವರೂ ಬರುತ್ತಾರೆ. ಗೇಟ್‌ನಲ್ಲಿ 2020ರಿಂದ ಬಯೋಮೆಡಿಕಲ್‌ಗೇ ಬೇರೆ ಪತ್ರಿಕೆಯಿದೆ, ಅದರ ಸಂಕೇತ ಬಿಎಂ. ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆ ಇಲ್ಲವೇ ಸೆಪ್ಟೆಂಬರಿನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶುಲ್ಕ ಅರ್ಧ. ಬಂದ ಅಂಕ ಮೂರು ವರ್ಷ ನಡೆಯುತ್ತದೆ. ಬಿ.ಇ. ಮೂರನೇ ವರ್ಷದಲ್ಲೇ ಬರೆಯಬಹುದಾದ್ದರಿಂದ ಈಗ ಎರಡನೇ ವರ್ಷದಲ್ಲಿ ಇರುವವರು ಬರುವ ಸೆಪ್ಟೆಂಬರಿಗೇ ಅರ್ಜಿ ಹಾಕಬಹುದು.