ಮಾರುವ ಮನೆಯ ಮುಖಲಕ್ಷಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳ ಕಷ್ಟವನ್ನು ಹೇಳಿದ ಹಿರಿಯರು ಮನೆ ಮಾರುವವರ ಕಷ್ಟವನ್ನು ಹೇಳದೆ ಬಿಟ್ಟರು. ಅವರ ಕಾಲದಲ್ಲಿ ಇದ್ದ ಮನೆಯನ್ನು ಮಾರುವುದೆಂದರೆ ಸಾಲಕ್ಕೋ ವ್ಯಾಜ್ಯಕ್ಕೋ ತಗುಲಿಕೊಂಡ ಕಹಿ ಪ್ರಸಂಗವೇ ಆಗಿರುತ್ತಿತ್ತು. ಇಂದು ಹಾಗಿಲ್ಲ. ಮಕ್ಕಳು ಉದ್ಯೋಗಕ್ಕಾಗಿ ದೂರದ ಊರುಗಳಲ್ಲಿ ನೆಲೆಸುತ್ತಾರೆ. ವಯಸ್ಸಾದವರಿಗೆ ಮಹಡಿಯ ಮೆಟ್ಟಿಲು ಹತ್ತುವುದು ಆಗದು. ಅಣ್ಣತಮ್ಮಂದಿರು, ಅಕ್ಕತಂಗಿಯರು ಸಮಾಧಾನದಿಂದಲೇ ಪಾಲು ಹಂಚಿಕೊಳ್ಳಬೇಕಾಗುತ್ತದೆ. ಹೀಗೆ ಗೌರವಸ್ಥರ ಸಂಸಾರಗಳಲ್ಲಿಯೂ ಮನೆ ಮಾರುವ ಸಂದರ್ಭ ಬರುತ್ತದೆ. ಆಗ ಏಳುವ ಮೊದಲ ಪ್ರಶ್ನೆ, ಕೊಳ್ಳಲು ಬರುವವರ ಕಣ್ಣಿಗೆ ಮನೆಯನ್ನು ಹೇಗೆ ಸಿದ್ಧಗೊಳಿಸುವುದು ಎಂಬುದು.

ಸಿದ್ಧಗೊಳಿಸುವುದು ಬೇರೆ, ವೇಷ ಹಾಕುವುದು ಬೇರೆ. ಈ ಭೇದವನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮಾರುವವರಿಗೆ ಮನೆಯೇ ಜೀವಮಾನದ ಉಳಿತಾಯ. ಕೊಳ್ಳುವವರು ತರುವ ಹಣವೂ ಸಾಮಾನ್ಯವಾಗಿ ಅವರ ಜೀವಮಾನದ ಉಳಿತಾಯವೇ, ಅದರ ಮೇಲೆ ಬ್ಯಾಂಕಿನ ಸಾಲ ಬೇರೆ. ಎರಡು ಸಂಸಾರಗಳ ಸರ್ವಸ್ವವೂ ಒಂದೇ ತಕ್ಕಡಿಯಲ್ಲಿ ಕುಳಿತಿರುವಾಗ ಮುಚ್ಚುಮರೆಗೆ ಎಡೆ ಇರಬಾರದು.

ಬಂದವರು ಮೊದಲು ಏನನ್ನು ನೋಡುತ್ತಾರೆ? ಕೋಣೆಗಳ ಅಳತೆಯನ್ನಲ್ಲ. ಗೇಟು ಕಿರುಗುಟ್ಟಿತೇ, ಬಾಗಿಲ ಚಿಲಕ ಸಲೀಸಾಗಿ ಜಾರಿತೇ, ಹೊಸಿಲು ಚೊಕ್ಕಟವಾಗಿದೆಯೇ, ಒಳಗೆ ಬೆಳಕು ಉಂಟೇ, ಗಾಳಿಯಲ್ಲಿ ಮುಗ್ಗಲು ವಾಸನೆ ಇದೆಯೇ, ಇಷ್ಟನ್ನು ಅವರ ಇಂದ್ರಿಯಗಳು ಕ್ಷಣಾರ್ಧದಲ್ಲಿ ಗ್ರಹಿಸುತ್ತವೆ. ಆದಕಾರಣ ಅಲ್ಪ ಖರ್ಚಿನ ಕೆಲಸಗಳೇ ಹೆಚ್ಚು ಫಲ ಕೊಡುತ್ತವೆ. ಕೀಲುಗಳಿಗೆ ಎರಡು ತೊಟ್ಟು ಎಣ್ಣೆ, ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರು, ಒಡೆದ ಕಿಟಕಿಗೆ ಗಾಜು, ಸುಟ್ಟ ಬಲ್ಬಿಗೆ ಬದಲು, ಸಡಿಲವಾದ ಸ್ವಿಚ್ಚಿಗೆ ಎರಡು ಮೊಳೆ: ಇವುಗಳಿಗೆ ಒಂದು ದಿನ ಸಾಕು. ತೊಟ್ಟಿಕ್ಕುವ ನಲ್ಲಿಯನ್ನು ಕಂಡವರು ನಲ್ಲಿಯೊಂದನ್ನೇ ಶಂಕಿಸುವುದಿಲ್ಲ. ಕಣ್ಣಿಗೆ ಕಾಣುವುದನ್ನೇ ದುರಸ್ತಿ ಮಾಡದವರು ಕಾಣದ ಕೊಳವೆಗಳನ್ನು ಹೇಗೆ ಇಟ್ಟಿದ್ದಾರೋ ಎಂದು ಯೋಚಿಸುತ್ತಾರೆ.

ಶುಚಿಗೊಳಿಸುವಾಗ ಮೇಲಿನಿಂದ ಕೆಳಕ್ಕೆ ಬರಬೇಕು. ಮೊದಲು ಅಟ್ಟ. ಹತ್ತು ವರ್ಷದಿಂದ ಮುಟ್ಟದ ತಾಮ್ರದ ಹಂಡೆ, ಮುರಿದ ತೊಟ್ಟಿಲು, ಹಳೆಯ ಪತ್ರಿಕೆಗಳ ಕಟ್ಟು, ಇವನ್ನು ಹೊಸಮನೆಗೆ ಒಯ್ಯುವುದಾದರೆ ಈಗಲೇ ಒಯ್ಯಿರಿ. ಇಲ್ಲವಾದರೆ ಬೇಕಾದವರಿಗೆ ಕೊಟ್ಟುಬಿಡಿ. ಬಳಿಕ ಜೇಡರ ಬಲೆ, ಫ್ಯಾನಿನ ರೆಕ್ಕೆ, ಕಿಟಕಿಯ ಸರಳು, ಕೊನೆಗೆ ನೆಲ. ಹಳೆಯ ಮನೆಗಳ ಕೆಂಪು ಗಾರೆ ನೆಲವನ್ನು ಆಸಿಡ್ ಹಾಕಿ ಉಜ್ಜುವ ಅಭ್ಯಾಸ ಒಳ್ಳೆಯದಲ್ಲ. ಸಿಮೆಂಟನ್ನು ಆಸಿಡ್ ತಿನ್ನುತ್ತದೆ, ಹೊಳಪು ಶಾಶ್ವತವಾಗಿ ಹೋಗುತ್ತದೆ. ಸಾಬೂನಿನ ನೀರಿನಲ್ಲಿ ತೊಳೆದು, ಪೂರ್ಣ ಒಣಗಿದ ಮೇಲೆ ಬಟ್ಟೆಯಲ್ಲಿ ತುಸು ಕೊಬ್ಬರಿಎಣ್ಣೆ ಅದ್ದಿ ತೆಳ್ಳಗೆ ತೀಡಿದರೆ ಆ ನೆಲ ಮತ್ತೆ ಮುಖ ತೋರಿಸುವಂತಾಗುತ್ತದೆ. ಎಣ್ಣೆ ಹೆಚ್ಚಾದರೆ ಮಾತ್ರ ಬಂದವರು ಜಾರಿ ಬಿದ್ದಾರು!

ಇನ್ನು ಗೋಡೆಯ ಮಾತು. ಇಲ್ಲಿಯೇ ಹೆಚ್ಚಿನವರು ಹಣವನ್ನೂ ಹೆಸರನ್ನೂ ಕಳೆದುಕೊಳ್ಳುತ್ತಾರೆ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ, ಗಾರೆ ಪುಡಿಪುಡಿಯಾಗಿ ಉದುರಿ, ಬಿಳಿಯ ಉಪ್ಪಿನಂಥ ಪದಾರ್ಥ ಹೊರಬರುವುದನ್ನು ಎಲ್ಲರೂ ಕಂಡಿದ್ದೀರಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತವೆ. ಆ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಗೋಡೆಯ ಮೈಗೆ ಬಂದ ನೀರು ಆವಿಯಾಗಿ ಹೋಗುತ್ತದೆ. ಲವಣ ಅಲ್ಲಿಯೇ ಹರಳುಗಟ್ಟಿ, ಹಿಗ್ಗಿ, ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಇದರ ಮೇಲೆ ನೀರು ನಿಲ್ಲದ ದಪ್ಪ ಬಣ್ಣವನ್ನು ಬಳಿದರೆ ತೇವಕ್ಕೆ ಹೊರದಾರಿ ಮುಚ್ಚುತ್ತದೆ. ಅದು ಇನ್ನೂ ಮೇಲಕ್ಕೆ ಏರಿ, ಮೊಣಕಾಲಿನ ಬದಲು ಎದೆಯೆತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಹಪ್ಪಳದಂತೆ ಏಳುತ್ತದೆ.

ನಮ್ಮ ಹಿರಿಯರ ಸುಣ್ಣಕ್ಕೆ ಈ ದೋಷವಿಲ್ಲ. ಸುಣ್ಣಕಲ್ಲನ್ನು ಸುಟ್ಟಾಗ ಅದರಲ್ಲಿದ್ದ ಇಂಗಾಲಾಮ್ಲ ಅನಿಲ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಗಾಳಿಯಲ್ಲಿರುವ ಅದೇ ಅನಿಲವನ್ನು ಮರಳಿ ಹೀರಿ, ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಆದರೂ ಗೋಡೆಯ ರಂಧ್ರಗಳನ್ನು ಅದು ಪೂರ್ಣ ಮುಚ್ಚುವುದಿಲ್ಲ. ತೇವ ಆವಿಯಾಗಿ ಹೋಗಲು ಎಡೆ ಇರುತ್ತದೆ. ಗೋಡೆಯನ್ನು ಮೊದಲು ತುಸು ನೆನೆಸಿ, ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ದಪ್ಪಗೆ ಒಂದೇ ಸಲ ಬಳಿದ ಸುಣ್ಣ ಸಿಪ್ಪೆಯಾಗಿ ಏಳುತ್ತದೆ. ಆದರೆ ಸುಣ್ಣವೂ ತೇವದ ಮೂಲವನ್ನು ಹೋಗಲಾಡಿಸದು. ಬಚ್ಚಲ ಕೊಳವೆ ಒಡೆದಿದೆಯೇ, ಅಂಗಳದ ನೀರು ಗೋಡೆಯ ಕಡೆಗೆ ಹರಿಯುತ್ತಿದೆಯೇ, ಹೂವಿನ ಪಾತಿಯ ಮಣ್ಣು ಗೋಡೆಗೆ ಒರಗಿದೆಯೇ ಎಂದು ಮೊದಲು ನೋಡಿ, ಅದನ್ನು ಸರಿಪಡಿಸಿ, ಗೋಡೆ ಆರಲು ಕೆಲವು ತಿಂಗಳು ಬಿಟ್ಟು, ಆಮೇಲೆ ಬಣ್ಣದ ಯೋಚನೆ ಮಾಡಬೇಕು.

ಮೇಲ್ಛಾವಣಿಯ ಸಂಗತಿಯೂ ಹೀಗೆಯೇ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ನಾಡಿನ ಎಷ್ಟೋ ಮನೆಗಳು ಆ ಕೆಂಪು ಹೆಂಚನ್ನು ಹೊದ್ದುವು. ಹೆಂಚಿನ ಮಾಡು ಸೋರಿದರೆ ಬಹುಮಟ್ಟಿಗೆ ಕಾರಣ ಸರಳ: ಬೆಕ್ಕೋ ಕೋತಿಯೋ ಸರಿಸಿದ ಹೆಂಚು, ಕೊಳೆತ ರೀಪು, ಎಲೆ ತುಂಬಿದ ದೋಣಿ. ತಾರಸಿ ಸೋರಿದರೆ ಮಾತ್ರ ಎಚ್ಚರ ಬೇಕು. ಕಾಂಕ್ರೀಟಿನೊಳಗಿನ ಕಬ್ಬಿಣದ ಸಲಾಕೆಗೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುವುದರಿಂದ ಕೆಳಗಿನ ಕಾಂಕ್ರೀಟು ಸೀಳಿ, ಗಾರೆ ಹೆಕ್ಕಳಿಕೆಯಾಗಿ ಬೀಳುತ್ತದೆ. ಇದನ್ನು ಸುಣ್ಣಬಣ್ಣದಿಂದ ಮರೆಸಿದರೆ ಮೋಸ ಮಾಡಿದಂತೆ ಮಾತ್ರವಲ್ಲ, ಕೆಳಗೆ ಮಲಗುವವರ ಪ್ರಾಣಕ್ಕೇ ಅಪಾಯ.

ಗೋಡೆಯ ಬಿರುಕುಗಳಲ್ಲಿಯೂ ತಾರತಮ್ಯವುಂಟು. ಕೂದಲೆಳೆಯಂಥ ಬಿರುಕುಗಳು ಗಾರೆ ಒಣಗುವಾಗ ಬಂದವು, ಹೆದರಬೇಕಾಗಿಲ್ಲ. ಕಿಟಕಿಯ, ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತ ಹೋಗುವ ಬಿರುಕು ಅಡಿಪಾಯ ಕುಸಿಯುತ್ತಿರುವುದರ ಸೂಚನೆ ಆಗಬಹುದು. ಇದನ್ನು ತಿಳಿಯಲು ಹಳೆಯ ಮೇಸ್ತ್ರಿಗಳ ಉಪಾಯವೊಂದಿದೆ. ಬಿರುಕಿಗೆ ಅಡ್ಡಲಾಗಿ ಒಂದು ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು ಎರಡೂ ತುದಿಗಳನ್ನು ಸಿಮೆಂಟಿನಿಂದ ಗೋಡೆಗೆ ಹಿಡಿಸಿ, ತಾರೀಖು ಬರೆದಿಡುತ್ತಾರೆ. ತಿಂಗಳುಗಳು ಕಳೆದರೂ ಗಾಜು ಹಾಗೆಯೇ ಇದ್ದರೆ ಬಿರುಕು ನಿಂತಿದೆ. ಗಾಜು ಒಡೆದಿದ್ದರೆ ಗೋಡೆ ಇನ್ನೂ ಚಲಿಸುತ್ತಿದೆ, ಇಂಜಿನಿಯರರನ್ನು ಕರೆಯಬೇಕು. ಒಡೆಯದ ಗಾಜನ್ನು ಕೊಳ್ಳುವವರಿಗೆ ತೋರಿಸುವುದು ನೂರು ಮಾತಿಗಿಂತ ಮೇಲು.

ಗೆದ್ದಲನ್ನೂ ಮರೆಯುವಂತಿಲ್ಲ. ಅದು ಮರವನ್ನು ಒಳಗಿನಿಂದ ತಿಂದು ಹೊರಗಿನ ತೆಳು ಪದರವನ್ನು ಉಳಿಸುವ ಕಪಟಿ. ಬಾಗಿಲವಾಡ, ಕಿಟಕಿಯ ಚೌಕಟ್ಟು, ತೊಲೆಗಳ ತುದಿಗಳನ್ನು ಬೆರಳಿನಿಂದ ತಟ್ಟಿ ನೋಡಿರಿ. ಪೊಳ್ಳು ಸದ್ದು ಬಂದರೆ ಸಂದೇಹವಿಲ್ಲ. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಯಂಥ ದಾರಿ ಕಂಡರೆ ಒರೆಸಿಬಿಟ್ಟರೆ ಸಾಲದು. ಗೆದ್ದಲಿಗೆ ತೇವ ಬೇಕು. ತೇವವನ್ನು ನಿವಾರಿಸದೆ ಔಷಧಿ ಹೊಡೆಸಿದರೆ ಅರ್ಧ ಕೆಲಸ ಮಾಡಿದಂತೆ.

ಮಾಡಬಾರದ ಖರ್ಚುಗಳೂ ಕೆಲವುಂಟು. ಮಾರುವ ಮುನ್ನ ಅಡಿಗೆಮನೆಯನ್ನು ಕಿತ್ತು ಹೊಸದಾಗಿ ಕಟ್ಟಿಸುವುದು, ಚೆನ್ನಾಗಿರುವ ನೆಲವನ್ನು ಅಗೆದು ಹೊಳಪಿನ ಕಲ್ಲು ಹಾಸುವುದು, ವಾಸ್ತುವಿನ ಹೆಸರಿನಲ್ಲಿ ಬಾಗಿಲನ್ನು ಈ ಗೋಡೆಯಿಂದ ಆ ಗೋಡೆಗೆ ಸಾಗಿಸುವುದು, ಇವು ಹಾಕಿದ ಹಣವನ್ನು ಹಿಂದಕ್ಕೆ ತರುವುದು ಅಪರೂಪ. ಕೊಳ್ಳುವವರಿಗೆ ತಮ್ಮದೇ ರುಚಿ, ತಮ್ಮದೇ ನಂಬಿಕೆ ಇರುತ್ತದೆ. ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದರೆ ಇದ್ದದ್ದನ್ನು ಹೇಳಿದರಾಯಿತು.

ಮನೆಯ ಜತೆಗೆ ಕಾಗದಪತ್ರಗಳನ್ನೂ ಗುಡಿಸಿ ಒಪ್ಪವಾಗಿಸಬೇಕು. ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಖಾತೆ, ಈವರೆಗಿನ ತೆರಿಗೆ ರಸೀದಿ, ವಿದ್ಯುತ್ತು ಮತ್ತು ನೀರಿನ ಬಿಲ್ಲು, ಮಂಜೂರಾದ ನಕ್ಷೆ, ಸಾಲ ತೀರಿಸಿದ್ದರೆ ಬ್ಯಾಂಕಿನ ಪತ್ರ, ಇವೆಲ್ಲ ಒಂದೇ ಕಡತದಲ್ಲಿರಲಿ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಅಥವಾ ಸರ್ಕಾರದ ಕಾವೇರಿ ಜಾಲತಾಣದ ಮೂಲಕ ಋಣಭಾರ ಪ್ರಮಾಣಪತ್ರವನ್ನು ಪಡೆಯಬಹುದು. ವ್ಯವಹಾರಗಳು ದಾಖಲಾಗಿದ್ದರೆ ಅದು 15ನೆಯ ನಮೂನೆಯಲ್ಲಿ, ಏನೂ ಇಲ್ಲದಿದ್ದರೆ 16ನೆಯ ನಮೂನೆಯಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಹಿಂದೂ ಅವಿಭಕ್ತ ಕುಟುಂಬಗಳಲ್ಲಿ ಮಗಳಿಗೆ ಸಮಪಾಲನ್ನು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೇ, ದೇಶಕ್ಕೆಲ್ಲ 2005ರಲ್ಲಿ ಬಂದಿತು. ಮನೆಗೆ ಬಣ್ಣ ಬಳಿದಾದ ಮೇಲೆ ತಂಗಿಯ ಸಹಿಗಾಗಿ ಓಡುವುದು ತಲೆಕೆಳಗಾದ ಕ್ರಮ.

ಈಗ ಸತ್ಯದ ವಿಷಯ. ಸ್ವತ್ತು ವರ್ಗಾವಣೆಯ 1882ರ ಕಾಯಿದೆಯ 55ನೆಯ ಕಲಮು ಮಾರುವವರ ಕರ್ತವ್ಯಗಳನ್ನು ಹೇಳುತ್ತದೆ. ಬೇರೆ ಕರಾರು ಇಲ್ಲದಿದ್ದರೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ, ಮಾರುವವನಿಗೆ ಮಾತ್ರ ಗೊತ್ತಿರುವ ಮುಖ್ಯ ದೋಷವನ್ನು, ಅದು ಮನೆಯದಾಗಲಿ ಹಕ್ಕಿನದಾಗಲಿ, ಮಾರುವವನೇ ತಿಳಿಸಬೇಕು. ತಿಳಿಸದೆ ಬಿಡುವುದನ್ನು ಕಾಯಿದೆ ವಂಚನೆಯೆಂದೇ ಕರೆಯುತ್ತದೆ. ಈ ವಿವೇಕ ನಮಗೆ ಹೊಸದಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಕೊಂಡ ವಸ್ತುವನ್ನು ಪರೀಕ್ಷಿಸಲು ಅವಧಿಗಳನ್ನು ಗೊತ್ತುಮಾಡಿದೆ: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ ಇದ್ದವನು. ಹಸುವಿನ ಗುಣ ಮೂರು ದಿನದಲ್ಲಿ ತಿಳಿದೀತು. ಮನೆಯ ಗುಣ ತಿಳಿಯಲು ಒಂದು ಮಳೆಗಾಲವೇ ಬೇಕು. ಅಷ್ಟು ಕಾಲ ಕಾಯಲು ಕೊಳ್ಳುವವರಿಗೆ ಸಾಧ್ಯವಿಲ್ಲವಾದ್ದರಿಂದ ಮಾರುವವರ ಮಾತೇ ಅವರಿಗೆ ಆಧಾರ.

‘ಅಮ್ಮಾ, ಆಷಾಢದ ಮಳೆಗೆ ಈ ಮೂಲೆ ಸೋರುತ್ತದೆಯೇ?’ ಎಂದು ಬಂದವರು ಕೇಳಿದರೆ, ‘ಎರಡು ವರ್ಷದ ಹಿಂದೆ ಸೋರುತ್ತಿತ್ತು; ದೋಣಿ ಬದಲಾಯಿಸಿದೆವು, ಈಗ ಇಲ್ಲ, ಇಗೋ ರಸೀದಿ’ ಎಂಬ ಉತ್ತರಕ್ಕಿಂತ ಒಳ್ಳೆಯ ಅಲಂಕಾರ ಮನೆಗೆ ಬೇರೆ ಇಲ್ಲ. ‘ಏನೂ ತೊಂದರೆಯಿಲ್ಲ, ಬಂಗಾರದಂಥ ಮನೆ’ ಎಂಬ ಹೊಗಳಿಕೆಯನ್ನು ಯಾರೂ ನಂಬುವುದಿಲ್ಲ. ದೋಷವಿದ್ದು ಸರಿಪಡಿಸಲು ಹಣ ಸಾಲದಿದ್ದರೆ, ಅದನ್ನು ಹೇಳಿ, ಅಷ್ಟನ್ನು ಬೆಲೆಯಲ್ಲಿ ಬಿಟ್ಟುಕೊಡುವುದು ಉತ್ತಮ ಮಾರ್ಗ.

ನೋಡಲು ಬರುವ ದಿನ ಒಂದು ಗಂಟೆ ಮೊದಲೇ ಕಿಟಕಿಗಳನ್ನೆಲ್ಲ ತೆರೆದಿಡಿ. ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ತಿಳಿಯುವುದಿಲ್ಲ. ಹೊರಗಿನ ಸ್ನೇಹಿತರೊಬ್ಬರನ್ನು ಕರೆದು ಕೇಳಿರಿ. ಊದುಬತ್ತಿಯ ಹೊಗೆ ತುಂಬಿಸಿದರೆ ಏನನ್ನೋ ಮುಚ್ಚುತ್ತಿದ್ದಾರೆಂಬ ಶಂಕೆ ಹುಟ್ಟುತ್ತದೆ. ದೇವರ ಮನೆ, ಹಿರಿಯರ ಪಟ ಇದ್ದಂತೆಯೇ ಇರಲಿ. ಬಾಳಿದ ಮನೆ ಎಂದು ಕಾಣುವುದು ದೋಷವಲ್ಲ. ರೇಡಿಯೋವನ್ನು ಆ ಅರ್ಧ ಗಂಟೆ ನಿಲ್ಲಿಸಿರಬೇಕೆಂದು ಹೇಳಿದರೆ ಈ ಪತ್ರಿಕೆಯ ಸಂಪಾದಕರು ಕ್ಷಮಿಸಬೇಕು. ಬೀದಿಯ ಸದ್ದನ್ನೂ ಕೊಳವೆಯ ಸದ್ದನ್ನೂ ಬಂದವರು ಕೇಳಿಕೊಳ್ಳಲಿ. ಒಬ್ಬರು ಮಾತ್ರ ಜತೆಗಿದ್ದು ತೋರಿಸಲಿ. ಎಲ್ಲರೂ ಹಿಂದೆ ಮುಂದೆ ಸುತ್ತಿದರೆ ಬಂದ ದಂಪತಿಗಳು ತಮ್ಮೊಳಗೆ ಒಂದು ಮಾತನ್ನೂ ಆಡಲಾರರು.

ಕೊನೆಯದಾಗಿ ಒಂದು ಸೂಚನೆ. ಒಂದು ಹಾಳೆಯಲ್ಲಿ ಮನೆಯ ಜಾತಕವನ್ನು ಬರೆದಿಡಿ: ಕಟ್ಟಿದ ವರ್ಷ, ಯಾವ ದುರಸ್ತಿ ಯಾವಾಗ ಆಯಿತು, ನೀರಿನ ಕೊಳವೆ ನೆಲದಡಿ ಎಲ್ಲಿ ಹಾಯುತ್ತದೆ, ಯಾವ ಬೀಗಕ್ಕೆ ಯಾವ ಕೈ, ಸಂಪನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಹಿತ್ತಿಲ ನಿಂಬೆಗಿಡ ಯಾವ ತಿಂಗಳು ಕಾಯಿ ಬಿಡುತ್ತದೆ. ವ್ಯಾಪಾರ ಕುದುರುವ ಮೊದಲು ಈ ಹಾಳೆ ನಿಮ್ಮ ಮಾತಿಗೆ ಸಾಕ್ಷಿ. ಕುದುರಿದ ಮೇಲೆ ಕೊಂಡವರಿಗೆ ಕೈಪಿಡಿ. ಬೀಗದ ಕೈಗಳೊಂದಿಗೆ ಅದನ್ನೂ ಒಪ್ಪಿಸಿ ಬಂದರೆ, ಮುಂದೆ ಆ ಬೀದಿಯಲ್ಲಿ ಎಂದಾದರೂ ನಡೆದು ಹೋಗುವಾಗ ತಲೆ ಎತ್ತಿ ನಡೆಯಬಹುದು; ಒಳಗಿನವರೂ ‘ಬನ್ನಿ’ ಎಂದು ಕರೆದಾರು.