ಮರುವಾಯಿ ತಿಂದ ಮೇಲೆ ತುಟಿ ಜೋಮು ಹಿಡಿದರೆ

ಘಟ್ಟದ ಮೇಲೆ ಸಮುದ್ರವಿಲ್ಲ, ಆದರೆ ಸಮುದ್ರದ ಮೀನಿಲ್ಲದ ಸಂತೆಯೂ ಇಲ್ಲ. ಚಾರ್ಮಾಡಿ ಹತ್ತಿ ಮೂಡಿಗೆರೆಗೆ, ಕಾರ್ಕಳದ ಕಡೆಯಿಂದ ಕುದುರೆಮುಖ, ಕಳಸಕ್ಕೆ ಬರುವ ಬಂಗುಡೆ, ಬೂತಾಯಿಗಳ ಜೊತೆ ಒಮ್ಮೊಮ್ಮೆ ಮರುವಾಯಿಯ ಚೀಲವೂ ಇರುತ್ತದೆ. ಕಾಫಿ ತೋಟದ ಲೈನುಗಳಲ್ಲಿ ಅದರ ಸುಕ್ಕದ ರುಚಿ ಬಲ್ಲವರಿಗೇನೂ ಕಡಿಮೆಯಿಲ್ಲ. ಈ ಚಿಪ್ಪಿನ ಬಗ್ಗೆ ರೈತ ಬಾಂಧವರು ಒಂದು ಸಂಗತಿ ತಿಳಿದಿರಬೇಕು.

1983ರಲ್ಲಿ ಕಾಸರಗೋಡಿನ ಕುಂಬಳೆ ಅಳಿವೆಯ ಮರುವಾಯಿ ತಿಂದವರಲ್ಲಿ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಇದು ಅಂಗಾಂಗಗಳನ್ನು ಸೋಲಿಸುವ ಚಿಪ್ಪಿನ ವಿಷವೆಂದು 1984ರಲ್ಲಿ ವರದಿ ಮಾಡಿದರು. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಞಂನಲ್ಲಿ ಇಂಥದೇ ವಿಷಕ್ಕೆ ಏಳು ಮಂದಿ ಬಲಿಯಾದರು.

ವಿಷ ಚಿಪ್ಪಿನದಲ್ಲ. ಕಣ್ಣಿಗೆ ಕಾಣದ ಒಂದು ಬಗೆಯ ಪಾಚಿ ಕೆಲವು ಸಮಯ ಸಮುದ್ರದಲ್ಲಿ ವಿಪರೀತ ಹೆಚ್ಚುತ್ತದೆ. ಮರುವಾಯಿ ದಿನವಿಡೀ ನೀರು ಎಳೆದು ಸೋಸಿ ತಿನ್ನುವ ಪ್ರಾಣಿ. ಪಾಚಿಯ ವಿಷ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತದೆ. ಸ್ಯಾಕ್ಸಿಟಾಕ್ಸಿನ್ ಎಂಬ ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಷ್ಟು ಹೊತ್ತು ಬೇಯಿಸಿದರೂ, ಎಷ್ಟು ಹುಳಿ ಖಾರ ಹಾಕಿದರೂ ಹೋಗುವುದಿಲ್ಲ. ಒಂದು ಕಿಲೋ ಮಾಂಸದಲ್ಲಿ 0.8 ಮಿಲಿಗ್ರಾಂ ಮೀರಿದರೆ ತಿನ್ನಲು ಯೋಗ್ಯವಲ್ಲ. ಅಳತೆ ಎಷ್ಟು ಚಿಕ್ಕದು ನೋಡಿ!

ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ತುಟಿ, ನಾಲಿಗೆ ಚುಮುಗುಟ್ಟಿ ಜೋಮು ಹಿಡಿಯುತ್ತದೆ. ಆಮೇಲೆ ಬೆರಳುಗಳು. ಮಾತು ತೊದಲಿ, ನಡಿಗೆ ತೂರಾಡುತ್ತದೆ. ಕುಡಿದು ಬಂದಿದ್ದಾನೆಂದು ಮೂಲೆಯಲ್ಲಿ ಮಲಗಿಸಿಬಿಡುವ ಅಪಾಯವಿರುವುದು ಇಲ್ಲಿಯೇ. ವಿಷ ನರಗಳ ಸಂದೇಶವನ್ನು ತಡೆಯುತ್ತದೆ. ಹೆಚ್ಚಾದರೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ರೋಗಿಗೆ ಎಚ್ಚರವಿರುತ್ತದೆ, ಹೇಳಲಾಗುವುದಿಲ್ಲ.

ಇದಕ್ಕೆ ಪ್ರತಿವಿಷವಿಲ್ಲ. ಉಸಿರಾಟದ ಯಂತ್ರವೇ ಆಸರೆ. ಒಂದು ದಿನ ಉಸಿರು ಕಾಪಾಡಿದರೆ ಬಹುತೇಕರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಮಜ್ಜಿಗೆ, ಹುಣಸೆನೀರು ಎಂದು ಹೊತ್ತು ಕಳೆಯದೆ, ಜೋಮು ಕಂಡಾಗಲೇ 108ಕ್ಕೆ ಫೋನ್ ಮಾಡಿ, ಇಲ್ಲವೇ ಜೀಪು ಹೊರಡಿಸಿ. ಮಳೆಗಾಲದ ನಮ್ಮ ರಸ್ತೆಗಳಲ್ಲಿ ಒಂದು ಗಂಟೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಊದಬೇಕು. ಉಳಿದ ಸಾರು, ಚಿಪ್ಪುಗಳನ್ನು ಎಸೆಯದೆ ವೈದ್ಯರಿಗೆ ಒಯ್ಯಿರಿ. ಜೊತೆಗೆ ಉಂಡವರೆಲ್ಲರನ್ನೂ ವಿಚಾರಿಸಿ.

ಇಷ್ಟು ಓದಿ ಬಂಗುಡೆಯನ್ನೂ ಬಿಡಬೇಕಾಗಿಲ್ಲ. ಅದರ ತೊಂದರೆ ಬೇರೆ: ಐಸಿಲ್ಲದೆ ಬಿಸಿಲಲ್ಲಿ ಘಟ್ಟ ಹತ್ತಿದ ಬಂಗುಡೆಯಲ್ಲಿ ಹಿಸ್ಟಮಿನ್ ಬೆಳೆದು, ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಬೇಯಿಸಿದರೆ ಇದೂ ಹೋಗದು. ಮೀನಿನವನ ಪೆಟ್ಟಿಗೆಯಲ್ಲಿ ಐಸು ಕಾಣದಿದ್ದರೆ ಆ ದಿನ ಕೊಳ್ಳಬೇಡಿ. ಮರುವಾಯಿಯಾದರೆ ಯಾವ ಅಳಿವೆಯದು, ಅಲ್ಲಿ ನೀರಿನ ಬಣ್ಣ ಬದಲಾಗಿತ್ತೇ ಎಂದು ಕೇಳಿ. ಬಣ್ಣ ಬದಲಾಗದೆಯೂ ವಿಷವಿರಬಹುದಾದ್ದರಿಂದ, ಊರು ಹೇಳಲಾರದವನ ಚೀಲ ನಮಗೆ ಬೇಡ.